ಸಂಚಾರಿ ಗೃಹದ ಬ್ಯಾಟರಿ: ಅದರ ಪೋಷಣೆ ಯಾರ ಹೊಣೆ?

ಯಂತ್ರವನ್ನು ಕೊಳ್ಳುವುದಕ್ಕೆ ಹಣವಿದ್ದರೆ ಸಾಕು. ಅದನ್ನು ಸಾಕುವುದಕ್ಕೆ ತಿಳಿವಳಿಕೆ ಬೇಕು. ಈ ಮಾತನ್ನು ಒಪ್ಪದವರಿಲ್ಲ. ಆದರೆ ಆಚರಣೆಗೆ ತರುವವರು ವಿರಳ. ಹಸುವನ್ನು ಮನೆಗೆ ತಂದವನಿಗೆ ಹೊತ್ತುಹೊತ್ತಿಗೆ ಮೇವು ನೀರು ಕೊಡಬೇಕೆಂದು ಯಾರೂ ಉಪದೇಶಿಸಬೇಕಾಗಿಲ್ಲ. ಅದೇ ಮನುಷ್ಯನು ಬ್ಯಾಟರಿಯೊಂದನ್ನು ತಂದನೆಂದರೆ ಅದನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿಟ್ಟು, ದೀಪ ಆರಿಹೋಗುವವರೆಗೂ ಅದರ ಯೋಗಕ್ಷೇಮವನ್ನು ವಿಚಾರಿಸುವುದಿಲ್ಲ. ದೀಪ ಆರಿದ ಮೇಲೆ ಬ್ಯಾಟರಿಯನ್ನು ದೂರುತ್ತಾನೆ. ಈ ದೂರು ಬಹುಮಟ್ಟಿಗೆ ಅನ್ಯಾಯದ್ದೆಂದು ನಮ್ಮ ಅಭಿಪ್ರಾಯ. ಬ್ಯಾಟರಿಗಳಲ್ಲಿ ಅನೇಕವು ಮುಪ್ಪಿನಿಂದ ಸಾಯುವುದಿಲ್ಲ, ಹಸಿವಿನಿಂದ ಸಾಯುತ್ತವೆ. ಇದನ್ನು ಸಂಚಾರಿ ಗೃಹಗಳ ಬ್ಯಾಟರಿಯ ನಿದರ್ಶನದಿಂದ ವಾಚಕರಿಗೆ ಮನಗಾಣಿಸಲು ಯತ್ನಿಸುತ್ತೇವೆ.

ಅಮೆರಿಕ, ಕೆನಡ, ಆಸ್ಟ್ರೇಲಿಯ ಮತ್ತು ಯೂರೋಪಿನ ದೇಶಗಳಲ್ಲಿ ಮನೆಯನ್ನೇ ಚಕ್ರಗಳ ಮೇಲೆ ಕೂರಿಸಿಕೊಂಡು ಪ್ರವಾಸ ಹೋಗುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಮಲಗುವ ಮಂಚ, ಅಡಿಗೆಯ ಒಲೆ, ಶೀತಪೆಟ್ಟಿಗೆ, ಸ್ನಾನದ ಕೋಣೆ ಇವೆಲ್ಲವೂ ಒಂದೇ ವಾಹನದೊಳಗೆ ಅಡಕವಾಗಿರುತ್ತವೆ. ಅಮೆರಿಕದಲ್ಲಿ ಇದನ್ನು ಆರ್‌ವಿ ಎಂಬ ಹ್ರಸ್ವನಾಮದಿಂದ ಕರೆಯುತ್ತಾರೆ. ಅಲ್ಲಿ ತಯಾರಾಗುವ ಇಂತಹ ವಾಹನಗಳಲ್ಲಿ ಬಹುಪಾಲು ಇಂಡಿಯಾನಾ ಸಂಸ್ಥಾನದವು. ಅಲ್ಲಿನ ಎಲ್ಕ್‌ಹಾರ್ಟ್ ಎಂಬ ಊರು ಈ ಉದ್ಯಮದ ರಾಜಧಾನಿಯೆಂದೇ ಪ್ರಸಿದ್ಧವಾಗಿದೆ. ಚಳಿಗಾಲ ಬಂತೆಂದರೆ ಉತ್ತರದ ಹಿಮಪ್ರದೇಶಗಳಿಂದ ಸಾವಿರಾರು ಸಂಚಾರಿ ಗೃಹಗಳು ದಕ್ಷಿಣಕ್ಕೆ ಇಳಿದು ಬರುತ್ತವೆ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಎಂಬ ಸಣ್ಣ ಊರಿನ ಸುತ್ತಲ ಮರುಭೂಮಿಯಲ್ಲಿ ಜನರು ತಿಂಗಳುಗಟ್ಟಲೆ ಬಿಡಾರ ಹೂಡುತ್ತಾರೆ. ಅಲ್ಲಿ ವಿದ್ಯುತ್ ಕಂಬಗಳ ಆಶ್ರಯವಿಲ್ಲ. ರಾತ್ರಿಯ ಬೆಳಕು, ನೀರೆತ್ತುವ ಪಂಪು, ಬೆಚ್ಚನೆಯ ಗಾಳಿಯನ್ನು ಬೀಸುವ ಪಂಖ ಇವೆಲ್ಲಕ್ಕೂ ವಾಹನದ ಒಂದು ಪೆಟ್ಟಿಗೆಯೇ ಗತಿ.

ವಾಹನದಲ್ಲಿರುವ ಬ್ಯಾಟರಿಗಳು ಎರಡು ಬಗೆಯವು. ಒಂದು ಎಂಜಿನ್ನನ್ನು ಚಾಲನೆಗೊಳಿಸುವ ಬ್ಯಾಟರಿ. ಇನ್ನೊಂದು ಮನೆಯ ಬ್ಯಾಟರಿ. ಹೊರನೋಟಕ್ಕೆ ಅವಳಿಗಳಂತೆ ತೋರಿದರೂ ಸ್ವಭಾವದಲ್ಲಿ ಇವು ಒಂದೇ ಅಲ್ಲ. ಮೊದಲನೆಯದು ಓಟಗಾರನಂತೆ, ಕೆಲವು ಕ್ಷಣಗಳ ಕಾಲ ನೂರಾರು ಆಂಪೇರುಗಳಷ್ಟು ಪ್ರವಾಹವನ್ನು ಕೊಟ್ಟು ವಿಶ್ರಮಿಸುತ್ತದೆ. ಅದರ ಫಲಕಗಳು ತೆಳುವಾಗಿಯೂ ಸಂಖ್ಯೆಯಲ್ಲಿ ಹೆಚ್ಚಾಗಿಯೂ ಇರುತ್ತವೆ. ಎರಡನೆಯದು ಮೂಟೆ ಹೊರುವವನಂತೆ, ಗಂಟೆಗಟ್ಟಲೆ ನಿಧಾನವಾಗಿ ದುಡಿಯುತ್ತದೆ. ಅದರ ಫಲಕಗಳು ದಪ್ಪ. ಓಟಗಾರನ ತಲೆಯ ಮೇಲೆ ಮೂಟೆ ಹೊರಿಸಿದರೆ ಅವನು ಬೇಗ ಕುಸಿಯುವನು. ಎಂಜಿನ್ನಿನ ಬ್ಯಾಟರಿಯನ್ನು ಮನೆಯ ಕೆಲಸಕ್ಕೆ ಹಚ್ಚಿದವರಿಗೆ ಆಗುವ ಅನುಭವವೂ ಇದೇ.

ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿ ಹೊಸ ವಸ್ತುವೇನೂ ಅಲ್ಲ. ಫ್ರಾನ್ಸಿನ ಗಾಸ್ಟೋನ್ ಪ್ಲಾಂಟೆ 1859ರಲ್ಲಿ ಇದನ್ನು ಕಂಡುಹಿಡಿದನು. 1881ರಲ್ಲಿ ಕಮೀಲ್ ಫೋರ್ ಫಲಕಗಳಿಗೆ ಸೀಸದ ಆಕ್ಸೈಡಿನ ಲೇಪವನ್ನು ಹಚ್ಚುವ ಉಪಾಯವನ್ನು ಹೂಡಿ ಇದನ್ನು ವ್ಯಾವಹಾರಿಕ ಬಳಕೆಗೆ ತಂದನು. ಮರುವರ್ಷವೇ ಗ್ಲ್ಯಾಡ್‌ಸ್ಟನ್ ಮತ್ತು ಟ್ರೈಬ್ ಎಂಬ ಇಬ್ಬರು ರಸಾಯನವಿಜ್ಞಾನಿಗಳು ಇದರೊಳಗಿನ ಕ್ರಿಯೆಯನ್ನು ವಿವರಿಸಿದರು. ಧನಫಲಕದಲ್ಲಿ ಸೀಸದ ಡೈಆಕ್ಸೈಡು, ಋಣಫಲಕದಲ್ಲಿ ಶುದ್ಧ ಸೀಸ, ಇವೆರಡರ ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತನ್ನು ಹೊರಗೆ ಕೊಡುತ್ತ ಹೋದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಬೆಳೆಯುತ್ತದೆ. ಆಮ್ಲವು ಖರ್ಚಾಗಿ ನೀರು ಹುಟ್ಟುತ್ತದೆ. ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದರೆ ಇದೆಲ್ಲವೂ ಹಿಮ್ಮುಖವಾಗಿ ನಡೆದು, ಫಲಕಗಳೂ ಆಮ್ಲವೂ ತಮ್ಮ ಮೊದಲಿನ ರೂಪಕ್ಕೆ ಮರಳುತ್ತವೆ.

ಈ ಕ್ರಿಯೆಯಲ್ಲಿಯೇ ಬ್ಯಾಟರಿಯ ಆರೋಗ್ಯವನ್ನು ಅಳೆಯುವ ಉಪಾಯವೂ ಅಡಗಿದೆ. ಆಮ್ಲವು ನೀರಿಗಿಂತ ಭಾರವಾದುದರಿಂದ, ಬ್ಯಾಟರಿ ತುಂಬಿದ್ದಾಗ ದ್ರವ ಸಾಂದ್ರವಾಗಿಯೂ ಬರಿದಾದಾಗ ವಿರಳವಾಗಿಯೂ ಇರುತ್ತದೆ. ಪ್ರೌಢಶಾಲೆಯಲ್ಲಿ ಆರ್ಕಿಮಿಡೀಸನ ತತ್ತ್ವವನ್ನು ಓದಿದವರಿಗೆಲ್ಲ ಹೈಡ್ರೋಮೀಟರು ಪರಿಚಿತವೇ. ಅದನ್ನು ಬ್ಯಾಟರಿಯ ದ್ರವದಲ್ಲಿ ತೇಲಿಬಿಟ್ಟು ನೋಡಿದರೆ, ಪೂರ್ಣವಾಗಿ ತುಂಬಿದಾಗ ಸುಮಾರು 1.265 ಎಂದೂ, ಅರ್ಧ ಬರಿದಾದಾಗ ಸುಮಾರು 1.19 ಎಂದೂ, ಪೂರ್ತಿ ಬರಿದಾದಾಗ ಸುಮಾರು 1.12 ಎಂದೂ ಅದು ತೋರಿಸುತ್ತದೆ. ಹೈಡ್ರೋಮೀಟರು ಇಲ್ಲದಿದ್ದರೆ ವೋಲ್ಟ್‌ಮೀಟರು ಸಾಕು. ಬ್ಯಾಟರಿಯನ್ನು ಕೆಲವು ಗಂಟೆಗಳ ಕಾಲ ತುಂಬಿಸದೆ, ಬಳಸದೆ ವಿಶ್ರಾಂತಿಯಲ್ಲಿಟ್ಟು ಅಳೆದಾಗ, 12.6 ವೋಲ್ಟು ಅಥವಾ ಅದಕ್ಕಿಂತ ತುಸು ಹೆಚ್ಚು ಕಂಡರೆ ಕಣಜ ತುಂಬಿದೆ, 12.2 ಕಂಡರೆ ಅರ್ಧವಾಗಿದೆ. 12ಕ್ಕಿಂತ ಕೆಳಗಿಳಿದರೆ ಬರಿದಾಗುವ ಕಾಲ ಬಂತು. ತುಂಬಿದ ಮತ್ತು ಬರಿದಾದ ಸ್ಥಿತಿಗಳ ನಡುವೆ ಒಂದು ವೋಲ್ಟಿನಷ್ಟು ಅಂತರವೂ ಇಲ್ಲವೆಂಬುದನ್ನು ಗಮನಿಸಬೇಕು. ಅಂದಾಜಿನಿಂದ ನಡೆಯುವ ವ್ಯವಹಾರ ಇದಲ್ಲ.

ಹಸಿವಿನಿಂದ ಸಾಯುತ್ತವೆಂದು ನಾವು ಹೇಳಿದುದರ ಅರ್ಥವನ್ನು ಈಗ ವಿವರಿಸಬಹುದು. ಹೊಸದಾಗಿ ಹುಟ್ಟಿದ ಸೀಸದ ಸಲ್ಫೇಟು ಅತಿಸೂಕ್ಷ್ಮವಾದ ಕಣಗಳ ರೂಪದಲ್ಲಿರುತ್ತದೆ. ಕೂಡಲೆ ಬ್ಯಾಟರಿಯನ್ನು ತುಂಬಿಸಿದರೆ ಅದು ಸುಲಭವಾಗಿ ಕರಗಿ ಮತ್ತೆ ಸೀಸವಾಗುತ್ತದೆ. ಹಾಗೆಯೇ ಬಿಟ್ಟರೆ, ಮಳೆಗಾಲದಲ್ಲಿ ಭರಣಿಯ ಉಪ್ಪು ಗಟ್ಟಿಕಟ್ಟುವಂತೆ, ಸಣ್ಣ ಕಣಗಳು ಒಂದರೊಡನೊಂದು ಸೇರಿ ದೊಡ್ಡ ಹರಳುಗಳಾಗಿ ಬೆಳೆಯುತ್ತವೆ. ಈ ಹರಳುಗಳು ವಿದ್ಯುತ್ತಿಗೆ ಜಗ್ಗುವುದಿಲ್ಲ. ಅವು ಆವರಿಸಿದ ಫಲಕದ ಭಾಗ ಶಾಶ್ವತವಾಗಿ ನಿರುಪಯುಕ್ತವಾಗುತ್ತದೆ. ಬ್ಯಾಟರಿಯ ಗಾತ್ರ ಅಷ್ಟೇ ಇರುತ್ತದೆ, ತೂಕ ಅಷ್ಟೇ ಇರುತ್ತದೆ, ಸಾಮರ್ಥ್ಯ ಮಾತ್ರ ದಿನೇ ದಿನೇ ಕುಗ್ಗುತ್ತದೆ. ಆದುದರಿಂದ ಬರಿದಾದ ಬ್ಯಾಟರಿಯನ್ನು ನಾಳೆ ತುಂಬಿಸೋಣವೆಂದು ಮುಂದೂಡುವುದು ಬಹಳ ದುಬಾರಿಯ ಸೋಮಾರಿತನ.

ಇದರೊಡನೆ ಇನ್ನೊಂದು ಸಂಗತಿಯುಂಟು. ಬಸ್ಸು ಖಾಲಿಯಿದ್ದಾಗ ಜನರು ಸರಸರನೆ ಹತ್ತಿ ಕುಳಿತುಕೊಳ್ಳುತ್ತಾರೆ. ಕೊನೆಯ ನಾಲ್ಕಾರು ಮಂದಿಗೆ ಸ್ಥಳ ಮಾಡುವಷ್ಟರಲ್ಲಿ ನಿರ್ವಾಹಕನಿಗೆ ಸಾಕುಸಾಕಾಗುತ್ತದೆ. ಬ್ಯಾಟರಿಯೂ ಹೀಗೆಯೇ. ಮೊದಲ ನೂರಕ್ಕೆ ಎಂಬತ್ತು ಭಾಗ ಬೇಗ ತುಂಬುತ್ತದೆ. ಉಳಿದ ಇಪ್ಪತ್ತು ಭಾಗಕ್ಕೆ ಸುಮಾರು 14.4 ವೋಲ್ಟಿನಲ್ಲಿ ಹಲವು ಗಂಟೆಗಳ ತಾಳ್ಮೆ ಬೇಕು. ಸಂಜೆ ಒಂದು ಗಂಟೆ ಜನರೇಟರನ್ನು ಓಡಿಸಿ ಬ್ಯಾಟರಿ ತುಂಬಿತೆಂದು ತೃಪ್ತಿಪಡುವ ಪ್ರವಾಸಿಗಳು ಬಹಳ. ವಾಸ್ತವವಾಗಿ ಅವರು ದಿನದಿನವೂ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಮಲಗಿಸುತ್ತಿದ್ದಾರೆ. ಒಪ್ಪೊತ್ತಿನ ಉಪವಾಸ ಯಾರನ್ನೂ ಕೊಲ್ಲುವುದಿಲ್ಲ. ತಿಂಗಳುಗಟ್ಟಲೆಯ ಅರೆಹೊಟ್ಟೆ ಕೊಲ್ಲುತ್ತದೆ. ಬಿಸಿಲು ಧಾರಾಳವಾಗಿರುವ ಮರುಭೂಮಿಯಲ್ಲಿ ಸೌರಫಲಕಗಳು ಹೆಚ್ಚು ಉಪಕಾರಿಗಳಾಗಿರುವುದಕ್ಕೆ ಇದೂ ಒಂದು ಕಾರಣ: ಅವು ಕೊಡುವ ಪ್ರವಾಹ ಸಣ್ಣದಾದರೂ, ಬೆಳಗಿನಿಂದ ಸಂಜೆಯವರೆಗೆ ಬಿಡದೆ ಕೊಡುತ್ತವೆ.

ಎಷ್ಟು ಖರ್ಚು ಮಾಡಬೇಕೆಂಬುದೂ ತಿಳಿದಿರಬೇಕು. 12 ವೋಲ್ಟಿನ, 100 ಆಂಪೇರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,200 ವಾಟ್-ಗಂಟೆ, ಅಂದರೆ ವಿದ್ಯುತ್ ಬಿಲ್ಲಿನ ಭಾಷೆಯಲ್ಲಿ 1.2 ಯೂನಿಟ್ಟು ಮಾತ್ರ ಇರುತ್ತದೆ. ಇದನ್ನು 20 ಗಂಟೆಗಳ ಕಾಲ ನಿಧಾನವಾಗಿ ಬಳಸಿದಾಗ ಮಾತ್ರ ಪೂರ್ತಿ ದೊರೆಯುತ್ತದೆ; ಅವಸರದಲ್ಲಿ ಸೆಳೆದರೆ ಕಡಮೆ ದೊರೆಯುತ್ತದೆ. ಈ ನಿಯಮವನ್ನು 1897ರಲ್ಲಿ ಜರ್ಮನಿಯ ಪಾಯ್ಕರ್ಟ್ ಎಂಬುವನು ಗಣಿತಸೂತ್ರವಾಗಿ ನಿರೂಪಿಸಿದನು. ಇನ್‌ವರ್ಟರಿನ ಮೂಲಕ 1,000 ವಾಟಿನ ಒಲೆಯನ್ನು ನಡೆಸಿದರೆ ಬ್ಯಾಟರಿಯಿಂದ ಸುಮಾರು 90 ಆಂಪೇರು ಹರಿಯುತ್ತದೆ. ಇಂತಹ ಬ್ಯಾಟರಿ ಒಂದು ಗಂಟೆಯೂ ಬಾಳದು. ಇಷ್ಟೇ ಅಲ್ಲದೆ, ಪ್ರತಿಸಲವೂ ತಳ ಕಾಣುವವರೆಗೆ ಬಳಸಿದ ಬ್ಯಾಟರಿಗಿಂತ ಅರ್ಧದಲ್ಲಿಯೇ ನಿಲ್ಲಿಸಿ ತುಂಬಿಸಿದ ಬ್ಯಾಟರಿ ಎಷ್ಟೋ ಹೆಚ್ಚು ಸಲ ದುಡಿಯುತ್ತದೆ. ಬಿತ್ತನೆಯ ಬೀಜವನ್ನು ಅಟ್ಟು ಉಣ್ಣುವ ರೈತನುಂಟೆ? ಬ್ಯಾಟರಿಯ ಕೆಳಗಿನ ಅರ್ಧವನ್ನು ಬಿತ್ತನೆಯ ಬೀಜವೆಂದೇ ಎಣಿಸಬೇಕು. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂಬ ಗಾದೆ ವಿದ್ಯುತ್ತಿಗೂ ಸಲ್ಲುತ್ತದೆ.

ಸಂಚಾರಿ ಗೃಹಗಳ ಬ್ಯಾಟರಿಗಳು ಅತ್ಯಧಿಕವಾಗಿ ಹಾಳಾಗುವುದು ಪ್ರವಾಸದಲ್ಲಿ ಅಲ್ಲ, ಪ್ರವಾಸ ಮುಗಿಸಿ ಮನೆಯ ಹಿಂದೆ ನಿಲ್ಲಿಸಿದಾಗ ಎಂಬುದು ಸೋಜಿಗವಾಗಿ ಕಾಣಬಹುದು. ಆದರೆ ಲೆಕ್ಕ ಸರಳವಾಗಿದೆ. ದೀಪಗಳನ್ನೆಲ್ಲ ಆರಿಸಿದ ಮೇಲೂ ಅಡಿಗೆ ಅನಿಲದ ಸೋರಿಕೆಯನ್ನು ಕಂಡುಹಿಡಿಯುವ ಉಪಕರಣ, ಗಡಿಯಾರ ಮೊದಲಾದವು ಸದ್ದಿಲ್ಲದೆ ವಿದ್ಯುತ್ತನ್ನು ಹೀರುತ್ತಿರುತ್ತವೆ. ಅವೆಲ್ಲವೂ ಸೇರಿ ಕಾಲು ಆಂಪೇರು ಮಾತ್ರ ಎಂದಿಟ್ಟುಕೊಳ್ಳೋಣ. ದಿನಕ್ಕೆ 6 ಆಂಪೇರ್-ಗಂಟೆ. 100 ಆಂಪೇರ್-ಗಂಟೆಯ ಬ್ಯಾಟರಿ ಎಂಟು ದಿನಗಳಲ್ಲಿ ಅರ್ಧವಾಗುತ್ತದೆ, ಹದಿನೇಳು ದಿನ ತುಂಬುವಷ್ಟರಲ್ಲಿ ಬರಿದಾಗುತ್ತದೆ. ಉತ್ತರ ಅಮೆರಿಕದ ಚಳಿಗಾಲವೋ ಐದು ತಿಂಗಳು! ಹಾಗೆ ಬರಿದಾದ ಬ್ಯಾಟರಿಯಲ್ಲಿ ಉಳಿಯುವುದು ಬಹುಪಾಲು ನೀರು. ಅದು ಸೊನ್ನೆಗಿಂತ ಏಳೆಂಟು ಡಿಗ್ರಿ ಕೆಳಗೆ ಹೆಪ್ಪುಗಟ್ಟಿ, ಹಿಗ್ಗಿ, ಪೆಟ್ಟಿಗೆಯನ್ನೇ ಸೀಳಬಲ್ಲುದು. ತುಂಬಿದ ಬ್ಯಾಟರಿಯಾದರೆ ಸೊನ್ನೆಗಿಂತ 50 ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ವಾಹನವನ್ನು ನಿಲ್ಲಿಸುವ ದಿನ ಬ್ಯಾಟರಿಯನ್ನು ಪೂರ್ತಿಯಾಗಿ ತುಂಬಿಸಿ, ಋಣತಂತಿಯನ್ನು ಕಳಚಿ, ತಿಂಗಳಿಗೊಮ್ಮೆ ಅಳೆದು, ಕಡಮೆಯಾಗಿದ್ದರೆ ಮತ್ತೆ ತುಂಬಿಸುವುದು—ಇಷ್ಟರಿಂದ ಮುಗಿಯುವ ಕೆಲಸವಿದು.

ಚಳಿಯನ್ನು ಕುರಿತು ಇಷ್ಟು ಹೇಳಿದ ಮೇಲೆ ಸೆಕೆಯನ್ನೂ ಮರೆಯಬಾರದು. ಬ್ಯಾಟರಿಯ ಶಾಖ ಹತ್ತು ಡಿಗ್ರಿಯಷ್ಟು ಏರಿದರೆ ಅದರ ಆಯುಸ್ಸು ಸ್ಥೂಲವಾಗಿ ಅರ್ಧಕ್ಕೆ ಇಳಿಯುತ್ತದೆ. ಅರಿಜೋನಾದ ಬೇಸಗೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಸುಡುವ ಬ್ಯಾಟರಿಗೆ ಗಾಳಿಯಾಡುವ ವ್ಯವಸ್ಥೆ ಬೇಕು. ತುಂಬಿಸುವ ವೋಲ್ಟೇಜನ್ನೂ ಶಾಖದ ಪ್ರತಿ ಡಿಗ್ರಿಗೆ 0.02ರಿಂದ 0.03 ವೋಲ್ಟಿನಷ್ಟು ತಗ್ಗಿಸಬೇಕು. ಇಲ್ಲವಾದರೆ ನೀರು ಒಡೆದು ಜಲಜನಕವೂ ಆಮ್ಲಜನಕವೂ ಆಗಿ ಹಾರಿಹೋಗುತ್ತದೆ. ಹಾರಿಹೋದ ನೀರನ್ನು ಭಟ್ಟಿಯಿಳಿಸಿದ ನೀರಿನಿಂದಲೇ ತುಂಬಬೇಕು. ಕೊಳಾಯಿಯ ನೀರಿನಲ್ಲಿರುವ ಕಬ್ಬಿಣ, ಕ್ಲೋರೈಡು ಮೊದಲಾದುವು ಫಲಕಗಳಿಗೆ ವಿಷ. ಆಮ್ಲವನ್ನಂತೂ ಎಂದಿಗೂ ಸೇರಿಸಕೂಡದು, ಏಕೆಂದರೆ ಹಾರಿಹೋದುದು ನೀರೇ ಹೊರತು ಆಮ್ಲವಲ್ಲ. ಫಲಕಗಳು ದ್ರವದಿಂದ ಹೊರಗೆ ಕಾಣಿಸದಿದ್ದರೆ, ನೀರೆರೆಯಬೇಕಾದುದು ಬ್ಯಾಟರಿಯನ್ನು ತುಂಬಿಸಿದ ಮೇಲೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಜಲಜನಕ ಬೆರೆತರೆ ಒಂದು ಕಿಡಿಗೆ ಸ್ಫೋಟಿಸಬಲ್ಲುದು. ಆದುದರಿಂದ ಬ್ಯಾಟರಿಯ ಬಳಿ ಬೆಂಕಿ ತರಬಾರದು, ಕಣ್ಣಿಗೆ ಕನ್ನಡಕವಿಲ್ಲದೆ ಬಗ್ಗಿ ನೋಡಬಾರದು, ಕೈಯಲ್ಲಿ ಉಂಗುರ ಬಳೆಗಳಿರಬಾರದು.

ಇಷ್ಟೆಲ್ಲ ತೊಂದರೆ ಇಂದಿನ ಕಾಲದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಪೋಷಣೆ ಬೇಡದ ಮುಚ್ಚಿದ ಬ್ಯಾಟರಿಗಳಿವೆ, ಲಿಥಿಯಮ್ ಬ್ಯಾಟರಿಗಳಿವೆ ಎಂದು ಅವರ ವಾದ. ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಮುಚ್ಚಿದ ಬ್ಯಾಟರಿಗೆ ನೀರೆರೆಯುವ ಕೆಲಸ ತಪ್ಪುತ್ತದೆ. ಹಸಿವೆಯ ಕಾಟ ಮಾತ್ರ ತಪ್ಪುವುದಿಲ್ಲ. ಅದರೊಳಗಿನ ಸೀಸವೂ ಸೀಸವೇ, ಸಲ್ಫೇಟೂ ಸಲ್ಫೇಟೇ. ಲಿಥಿಯಮ್ ಕಬ್ಬಿಣ ಫಾಸ್ಫೇಟಿನ ಬ್ಯಾಟರಿಯೋ ನಿಜವಾಗಿ ಸುಧಾರಿಸಿದ ವಸ್ತು: ಹಗುರವಾದುದು, ಸಾವಿರಾರು ಸಲ ತುಂಬಿ ಬರಿದಾಗಬಲ್ಲುದು, ಅರೆಹೊಟ್ಟೆಯಲ್ಲಿರುವುದಕ್ಕೆ ಅಂಜದು. ಲಿಥಿಯಮ್-ಅಯಾನ್ ಬ್ಯಾಟರಿಗಳ ಶಿಲ್ಪಿಗಳಾದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ಯೋಗ್ಯವೇ. ಆದರೆ ಇದನ್ನು ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ತುಂಬಿಸಿದರೆ ಋಣಧ್ರುವದ ಮೇಲೆ ಲಿಥಿಯಮ್ ಲೋಹ ಲೇಪಗೊಂಡು ಶಾಶ್ವತವಾದ ಹಾನಿಯಾಗುತ್ತದೆ. ಬಹುಕಾಲ ನಿಲ್ಲಿಸುವಾಗ ಇದನ್ನು ಪೂರ್ತಿ ತುಂಬಿಸದೆ ಸುಮಾರು ಅರ್ಧದಲ್ಲಿಡುವುದು ಲೇಸು. ಸೀಸದ ಬ್ಯಾಟರಿಗೆ ಹೇಳಿದುದಕ್ಕೆ ಇದು ನೇರ ವಿರುದ್ಧ! ಇದರ ವೋಲ್ಟೇಜು ಬಹುಮಟ್ಟಿಗೆ ಏರಿಳಿಯದೆ ಒಂದೇ ಸಮನಾಗಿರುವುದರಿಂದ ವೋಲ್ಟ್‌ಮೀಟರಿನಿಂದ ಇದರ ಹೊಟ್ಟೆಯನ್ನು ಅಳೆಯುವುದೂ ಕಷ್ಟ. ಹೊಸ ವಸ್ತು ಬಂದರೆ ಪೋಷಣೆಯ ಕ್ರಮ ಬದಲಾಗುತ್ತದೆ. ತಿಳಿವಳಿಕೆಯ ಅಗತ್ಯ ಬದಲಾಗುವುದಿಲ್ಲ.

ಹೊಣೆ ಬಳಸುವವನೊಬ್ಬನದೇ ಎಂದು ನಾವು ಹೇಳುತ್ತಿಲ್ಲ. ಅನೇಕ ಸಂಚಾರಿ ಗೃಹಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನು ತೋರಿಸಲು ನಾಲ್ಕು ಸಣ್ಣ ದೀಪಗಳನ್ನು ಮಾತ್ರ ಇಟ್ಟಿರುತ್ತಾರೆ. ಬ್ಯಾಟರಿ ತುಂಬುತ್ತಿರುವಾಗ ಒತ್ತಿದರೆ ಅವು ಇಲ್ಲದ ಸಂಪತ್ತನ್ನು ತೋರಿಸುತ್ತವೆ, ಭಾರ ಹೊತ್ತಿರುವಾಗ ಒತ್ತಿದರೆ ಇಲ್ಲದ ಬಡತನವನ್ನು ತೋರಿಸುತ್ತವೆ. ಲಕ್ಷಗಟ್ಟಲೆ ಬೆಲೆಯ ವಾಹನದಲ್ಲಿ ಒಳಗೆ ಬಂದ ಮತ್ತು ಹೊರಗೆ ಹೋದ ಆಂಪೇರ್-ಗಂಟೆಗಳನ್ನು ಲೆಕ್ಕವಿಡುವ ಒಂದು ಮಾಪಕವನ್ನೂ, ಬ್ಯಾಟರಿಯನ್ನು ಪೂರ್ತಿಯಾಗಿ ಬೇರ್ಪಡಿಸುವ ಒಂದು ಸ್ವಿಚ್ಚನ್ನೂ ಇಡುವುದು ತಯಾರಕರಿಗೆ ಭಾರವಾಗಲಾರದು. ಅಂಗಡಿಯವನು ಲೆಕ್ಕದ ಪುಸ್ತಕವಿಲ್ಲದೆ ವ್ಯಾಪಾರ ನಡೆಸುವುದಿಲ್ಲ; ವಿದ್ಯುತ್ತಿನ ವ್ಯಾಪಾರಕ್ಕೆ ಮಾತ್ರ ಪುಸ್ತಕ ಬೇಡವೆ?

ಒಂದು ಬ್ಯಾಟರಿ ಕೆಟ್ಟರೆ ಇನ್ನೊಂದನ್ನು ಕೊಂಡರಾಯಿತು, ಇದರಲ್ಲಿ ಲೋಕಕ್ಕೇನು ನಷ್ಟ ಎಂಬುವರಿಗೆ ನಮ್ಮ ಉತ್ತರ ತುಸು ಗಂಭೀರವಾದುದು. ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸೀಸವೇ. ಬ್ಯಾಟರಿ ಸಾಯುತ್ತದೆ, ಸೀಸ ಸಾಯುವುದಿಲ್ಲ. ಅದನ್ನು ಕರಗಿಸಿ ಮತ್ತೆ ಬಳಸಬಹುದು, ಅಮೆರಿಕದಲ್ಲಿ ಹೆಚ್ಚುಕಡಮೆ ಎಲ್ಲ ಹಳೆಯ ಬ್ಯಾಟರಿಗಳೂ ಹೀಗೆ ಹಿಂತಿರುಗುತ್ತವೆ ಎಂಬುದು ಸಂತೋಷದ ವಿಷಯ. ಆದರೆ ಬಡ ದೇಶಗಳಲ್ಲಿ ಈ ಕೆಲಸ ಅನೇಕ ವೇಳೆ ಬಯಲಿನಲ್ಲಿ, ಹಿತ್ತಿಲಿನಲ್ಲಿ, ಯಾವ ರಕ್ಷಣೆಯೂ ಇಲ್ಲದೆ ನಡೆಯುತ್ತದೆ. ಸೆನೆಗಾಲಿನ ಡಕಾರ್ ನಗರದ ಅಂಚಿನಲ್ಲಿರುವ ಥಿಯಾರೋಯ್ ಎಂಬಲ್ಲಿ ಹಳೆಯ ಬ್ಯಾಟರಿಗಳ ಸೀಸ ಬೆರೆತ ಮಣ್ಣಿನಿಂದ 2007ರ ನವೆಂಬರಿನಿಂದ 2008ರ ಮಾರ್ಚಿಯವರೆಗೆ 18 ಮಕ್ಕಳು ಪ್ರಾಣ ಬಿಟ್ಟರು. ಯೂನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಪಡಬೇಕಾದಷ್ಟು ಸೀಸವಿರುವುದಾಗಿ ಅಂದಾಜುಮಾಡಿತು. ಹಳೆಯ ಬ್ಯಾಟರಿಗಳ ಅಸುರಕ್ಷಿತ ಪುನರ್ಬಳಕೆ ಇದಕ್ಕೆ ಒಂದು ಮುಖ್ಯ ಕಾರಣವೆಂದೂ ಸಾರಿತು. ಮಕ್ಕಳ ಮೆದುಳಿಗೆ ನಿರಪಾಯಕಾರಿಯಾದ ಸೀಸದ ಪ್ರಮಾಣವೆಂಬುದೇ ಇಲ್ಲ.

ಸಂಚಾರಿ ಗೃಹಗಳು ಕರ್ನಾಟಕದಲ್ಲಿ ಅಪರೂಪ. ಆದರೆ ಅವುಗಳ ಬ್ಯಾಟರಿಯ ಸೋದರರು ನಮ್ಮ ಎಷ್ಟೋ ಮನೆಗಳ ಮಹಡಿಮೆಟ್ಟಿಲ ಕೆಳಗೆ, ಇನ್‌ವರ್ಟರಿನ ಪಕ್ಕದಲ್ಲಿ ಧೂಳು ಹಿಡಿದು ಕುಳಿತಿದ್ದಾರೆ. ಅವರ ರಸಾಯನವೂ ಇದೇ, ಹಸಿವೂ ಇದೇ. ಅವರು ಸತ್ತಾಗ ಗುಜರಿಯವನಿಗೆ ತೂಕದ ಲೆಕ್ಕದಲ್ಲಿ ಮಾರಿ, ಆಮ್ಲವನ್ನು ಚರಂಡಿಗೆ ಸುರಿಯುವುದನ್ನು ಕಂಡವರಿದ್ದಾರೆ. ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಭಾರತದ ಕಾನೂನು 2001ರಲ್ಲಿಯೇ ತಯಾರಕರ ಮೇಲೂ ಮಾರಾಟಗಾರರ ಮೇಲೂ ಹೊರಿಸಿತು. 2022ರ ನಿಯಮಗಳು ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಪುನರ್ಬಳಕೆಗೆ ಕಳುಹಿಸುವ ಹೊಣೆಯನ್ನು ಉತ್ಪಾದಕರಿಗೆ ಇನ್ನೂ ಬಿಗಿಯಾಗಿ ವಿಧಿಸಿದುವು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಬ್ಯಾಟರಿಯನ್ನು ಕೊಂಡ ಅಂಗಡಿಗೇ, ಆಮ್ಲವನ್ನು ಚೆಲ್ಲದೆ, ಹಿಂದಿರುಗಿಸುವ ನಾಗರಿಕರು ಬೇಕು.

ನಮ್ಮ ತರುಣ ವಾಚಕರಿಗೆ ಒಂದು ಸೂಚನೆಯಿದೆ. ನಿಮ್ಮ ಶಾಲೆ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ಹೈಡ್ರೋಮೀಟರು ಕಪಾಟಿನೊಳಗೆ ಮಲಗಿರಬಹುದು. ಅದನ್ನು ಅಧ್ಯಾಪಕರ ಸಮ್ಮುಖದಲ್ಲಿ, ಕನ್ನಡಕ ಕೈಗವಸುಗಳೊಡನೆ, ಸಂಸ್ಥೆಯ ಬ್ಯಾಟರಿಯ ಮೇಲೆ ಪ್ರಯೋಗಿಸಿ. ಆರು ಕೋಶಗಳ ಸಾಂದ್ರತೆಯನ್ನೂ ವೋಲ್ಟೇಜನ್ನೂ ತಿಂಗಳಿಗೊಮ್ಮೆ ಬರೆದಿಡಿ. ಆರು ತಿಂಗಳು ಕಳೆದ ಮೇಲೆ ಆ ಹಾಳೆಯನ್ನು ನೋಡಿದರೆ ಯಾವ ಕೋಶ ಬಡವಾಗುತ್ತಿದೆ, ಏಕೆ ಬಡವಾಗುತ್ತಿದೆ ಎಂಬುದು ನಿಮಗೇ ತಿಳಿಯುವುದು. ಆರ್ಕಿಮಿಡೀಸನ ತತ್ತ್ವ, ಓಮನ ನಿಯಮ, ವಿದ್ಯುದ್ವಿಶ್ಲೇಷಣೆ—ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ಈ ಮೂರೂ ಒಂದು ಕಪ್ಪು ಪೆಟ್ಟಿಗೆಯೊಳಗೆ ಜೀವ ತಳೆದು ನಿಂತಿರುವುದನ್ನು ಆಗ ಕಾಣುವಿರಿ. ಒಂದು ಬ್ಯಾಟರಿ ಮೂರು ವರ್ಷಕ್ಕೆ ಬದಲಾಗಿ ಆರು ವರ್ಷ ಬಾಳಿದರೆ, ಅಷ್ಟು ಕಾಲ ಅಷ್ಟು ಸೀಸ ಕುಲುಮೆಯ ಬಾಗಿಲಿಗೆ ಹೋಗುವುದು ತಪ್ಪುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷದ ಗಮನಕ್ಕೆ ಇದಕ್ಕಿಂತ ದೊಡ್ಡ ಪ್ರತಿಫಲವನ್ನು ಯಾರು ತಾನೆ ಬಯಸಿಯಾರು?